ಬೆನ್ನಿಗೆ ನಮಸ್ಕಾರವಿಲ್ಲ

ನಮ್ಮ ಮನೆಯ ವಾಷಿಂಗ್ ಮಷೀನಿಗೆ ಹೊದಿಸಿರುವ ಮೆರೂನ್ ಬಣ್ಣದ ಬಟ್ಟೆ ಮೊದಲು ಒಂದು ಬಾರಿನಲ್ಲಿತ್ತು ಎಂದು ಹೇಳಿದರೆ, ಬಂದ ನೆಂಟರು ಚಹಾದ ಕಪ್ಪನ್ನು ಮೆಲ್ಲಗೆ ಕೆಳಗಿಡುತ್ತಾರೆ. ಅದಕ್ಕೇ ಯಾರಿಗೂ ಹೇಳುವುದಿಲ್ಲ. ನಿಮಗೆ ಹೇಳಬಹುದು, ನೀವು ನಮ್ಮ ಅವ್ವನ ತವರಿನ ಕಡೆಯವರಲ್ಲ. ಸೋಡಾ ಹಾಕಿ ಕುದಿಸಿ, ಕಲಬುರಗಿಯ ಬಿಸಿಲಿಗೆ ಹರವಿ, ಮತ್ತೆ ಒಗೆದು ಬಳಸುತ್ತಿರುವ ಬಟ್ಟೆ ಅದು. ಆದರೂ ಮಳೆಗಾಲದಲ್ಲಿ ಸ್ವಲ್ಪ ತೇವವಾಯಿತೆಂದರೆ ಕರಿದ ಶೇಂಗಾದ ವಾಸನೆ ಬರುತ್ತದೆ. ಅಂಚಿನಲ್ಲಿ ಬಿಚ್ಚದೆ ಉಳಿದ ಹಿತ್ತಾಳೆಯ ಬಳೆಗಳು ಒಂದೆರಡು ಇವೆ. ಮಷೀನು ಬಟ್ಟೆ ಹಿಂಡಲು ಗರಗರ ತಿರುಗತೊಡಗಿದಾಗ ಅವು ಕಿಣಿಕಿಣಿ ಅನ್ನುತ್ತವೆ, ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಎಲ್ಲೋ ಹೋಗಿಬಿಡುತ್ತೇನೆ.

ಎಲ್ಲಿಗೆಂದರೆ, ಮೊದಲು ಕಮಲಾಪುರಕ್ಕೆ. ನಮ್ಮೂರು ಅದು. ಹೊರಗಿನವರಿಗೆ ಕೆಂಪು ಬಾಳೆಹಣ್ಣಿನ ಊರು. ನಮಗೆ ಆ ಹಣ್ಣು ಬೀಗರು ಬಂದಾಗ ಮಾತ್ರ ಕಾಣುತ್ತಿದ್ದ ವಸ್ತು. ಅಪ್ಪನದು ಬಟ್ಟೆ ಅಂಗಡಿ. ಮದುವೆಗೋ ಸೀಮಂತಕ್ಕೋ ಮನೆಮಂದಿಯೆಲ್ಲ ಹೊರಟು ಬಸ್ಸಿಗಾಗಿ ಕಾಯುವಾಗ, ಬಸ್ಸು ತಡವಾದಷ್ಟೂ ನಮಗೆ ಖುಷಿ. ಏಕೆಂದರೆ ಅಪ್ಪ ಗಡಿಯಾರ ನೋಡಿ, ನಿಟ್ಟುಸಿರುಬಿಟ್ಟು, ನಮ್ಮನ್ನೆಲ್ಲ ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿಗೆ ಕರೆದೊಯ್ಯುತ್ತಿದ್ದ. ಅಲ್ಲಿ ಮೂಲೆಯಲ್ಲಿ ಪರದೆ ಕಟ್ಟಿದ ಒಂದು ಗೂಡಿತ್ತು. ಪರದೆಯ ಮೇಲೆ ಹಲಗೆ, ಹಲಗೆಯ ಮೇಲೆ 'ಫ್ಯಾಮಿಲಿ ರೂಮ್'. ಅಪ್ಪ ಹೊರಗಿನ ಮೇಜಿನಲ್ಲಿ ಫ್ಯಾನಿನ ಕೆಳಗೆ ಪೇಪರು ಓದುತ್ತ ಕೂರುವುದು, ನಾವು ಮತ್ತು ಅವ್ವ ಒಳಗೆ ಬೆವರುತ್ತ ಕೂರುವುದು. ಹೆಣ್ಣುಮಕ್ಕಳಿಗೆ ಮರ್ಯಾದೆಯ ಜಾಗ ಅದು. ಈ ಮರ್ಯಾದೆಯ ಜಾಗ ಎಲ್ಲ ಹೋಟೆಲುಗಳಲ್ಲೂ ಕೈತೊಳೆಯುವ ಬೇಸಿನ್ನಿನ ಪಕ್ಕದಲ್ಲೇ ಯಾಕಿರುತ್ತದೆ ಎಂಬುದು ನನಗೆ ಆಗಿನಿಂದ ಇಂದಿನವರೆಗೂ ತಿಳಿದಿಲ್ಲ. ಮಾಣಿ ಪರದೆ ಸರಿಸುತ್ತಿರಲಿಲ್ಲ. ಸಂದಿಯಿಂದ ಬರಿಯ ಕೈ ಒಳಗೆ ಬರುತ್ತಿತ್ತು, ಮಿರ್ಚಿ ಭಜಿಯ ಪ್ಲೇಟು ಇಟ್ಟು ಹೋಗುತ್ತಿತ್ತು. ಆ ಹೋಟೆಲಿನ ಮಾಣಿಗಳನ್ನೆಲ್ಲ ನಾನು ಕೈಯಿಂದಲೇ ಗುರುತಿಸುತ್ತಿದ್ದೆ. ಮುಖ ತೋರಿಸಿದರೆ ಗೊತ್ತಾಗುತ್ತಿರಲಿಲ್ಲ.

ದೊಡ್ಡವಳಾಗಿ ಇಂಟೀರಿಯರ್ ಡಿಸೈನರ್ ಆದದ್ದು ಆ ಪರದೆಯ ಮೇಲಿನ ಸಿಟ್ಟಿನಿಂದಲೇ ಎಂದು ಹೇಳಿದರೆ ಚೆನ್ನಾಗಿರುತ್ತದೆ. ಆದರೆ ನಿಜ ಹಾಗಿಲ್ಲ. ಗಣಿತ ಕೈಕೊಟ್ಟಿತು, ಚಿತ್ರ ಕೈಹಿಡಿಯಿತು, ಪಾಲಿಟೆಕ್ನಿಕ್ಕಿನಲ್ಲಿ ಆ ಕೋರ್ಸು ಖಾಲಿಯಿತ್ತು. ಕಲಬುರಗಿ ಬೆಳೆದು ಕುಸನೂರನ್ನು ನುಂಗಿದ ಮೇಲೆ ಅಲ್ಲಿ ಎದ್ದ ಹೊಸ ಮನೆಗಳಲ್ಲಿ ಅರ್ಧದಷ್ಟು ಅಡಿಗೆಮನೆ, ದೇವರಮನೆ ನನ್ನವೇ. ನನ್ನ ಕೆಲಸಕ್ಕೆ ಒಂದು ಗುರುತಿದೆ: ಕನ್ನಡಿ. ಹಾಲ್ ಚಿಕ್ಕದೇ? ಕನ್ನಡಿ ಹಾಕಿ, ಎರಡಾಗಿ ಕಾಣುತ್ತದೆ. ಕತ್ತಲೇ? ಕನ್ನಡಿ ಹಾಕಿ, ಬೆಳಕು ಒದ್ದುಕೊಂಡು ಬರುತ್ತದೆ. ಗಂಡಹೆಂಡಿರಿಗೆ ಜಗಳವೇ? ಅದಕ್ಕೂ ಒಂದು ಕನ್ನಡಿ ಸೂಚಿಸಿದ್ದೆನೇನೋ. ನಮ್ಮ ಬಡಗಿ ಖಾಜಾಮಿಯಾ ನನ್ನ ನಕ್ಷೆ ಬಿಚ್ಚುವ ಮೊದಲೇ ಕೇಳುತ್ತಿದ್ದರು: "ಮೇಡಮ್, ಆಯ್ನಾ ಎಲ್ಲಿ ಹಚ್ಚೋದು, ಅದನ್ನ ಮೊದಲ ಹೇಳ್ರಿ."

ಹೀಗೆ ದೇವರಮನೆ ಮಾಡಿಕೊಂಡು ಸುಖವಾಗಿದ್ದವಳ ಹತ್ತಿರ ಒಂದು ಮಧ್ಯಾಹ್ನ ಜಗದೇವಿ ಬಂದಳು. ಕಮಲಾಪುರದ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವರು ನಾವು. ಕುಸನೂರ ರಸ್ತೆಯಲ್ಲಿ ಬಾರ್ ನಡೆಸುತ್ತಿದ್ದ ರಾಚಣ್ಣನಿಗೆ ಆಕೆಯನ್ನು ಕೊಟ್ಟಿದ್ದರು. ರಾಚಣ್ಣ ಊರಿಗೆಲ್ಲ ಕುಡಿಸಿದವನು, ತಾನು ಮಾತ್ರ ಒಂದು ಹನಿ ಮುಟ್ಟಿದವನಲ್ಲ. ಹಿಂದಿನ ಬೇಸಿಗೆಯಲ್ಲಿ ಎದೆನೋವೆಂದು ಕೂತವನು ಏಳಲಿಲ್ಲ. ಮಾತಾಡಿಸಲು ಹೋದಾಗ ಗೋಡೆ ನೋಡುತ್ತ ಕೂತಿದ್ದ ಜಗದೇವಿ ಈಗ ನೆಟ್ಟಗೆ ವಿಷಯಕ್ಕೆ ಬಂದಳು.

"ಪ್ರಭಾ, ನಮ್ಮ ಬಾರ್ ಹೊಸದಾಗಿ ಮಾಡಿಕೊಡು. ಎಲ್ಲಾರೂ ಬರೋ ಹಂಗ. ಹೆಣಮಕ್ಕಳೂ ಬರೋ ಹಂಗ."

"ನಿನಗೇನ ತಲಿಗಿಲಿ ಕೆಟ್ಟದೇನ? ಹೆಣಮಕ್ಕಳು ಯಾಕ ಬರ್ತಾರ?"

"ಮೊದಲ ನಾ ಹೋಗಬೇಕಲ್ಲ," ಅಂದಳು. "ಅವರು ಹೋದಾಗಿಂದ ಗಲ್ಲಾದ ಮ್ಯಾಲ ಮೈದುನ ಶಿವಪುತ್ರ ಕುಂತಾನ. ಉಪ್ಪಿಗಿ, ಎಣ್ಣಿಗಿ, ಮಗಳ ಕಾಲೇಜಿಗಿ, ಎಲ್ಲಾಕ್ಕೂ ಅವನ ಮಾರಿ ನೋಡಬೇಕು. ಲೈಸೆನ್ಸ್ ನನ್ನ ಹೆಸರಿಗಿ ಆಗ್ಯದ. ಗಲ್ಲಾದ ಮ್ಯಾಲ ನಾನೇ ಕುಂದುರ್ತೀನಿ ಅಂದ್ರ ಅತ್ತಿ ಒಲ್ಲೆ ಅಂತಾಳ. ಕಟ್ಟಡ ಆಕಿ ಹೆಸರಿಗದ."

ಅತ್ತೆ ಸುಗಲಾಬಾಯಿ ಹೇಳಿದ್ದು ಇಷ್ಟು: "ಆ ಕತ್ತಲ್ಯಾಗ, ಕುಡದವರ ನಡುವ, ನನ್ನ ಸೊಸಿ ಕುಂದ್ರೋದು ನಾ ಇರೋತನಕ ಆಗಂಗಿಲ್ಲ." ಜಗದೇವಿ ಮೂರು ಸಲ ಕೇಳಿದ ಮೇಲೆ, ಮಾತು ಮುಗಿಸುವುದಕ್ಕೋ ಏನೋ, ಇನ್ನೊಂದು ಸೇರಿಸಿದ್ದಳು: "ಹೆಣಮಗಳು ಕುಂದ್ರೋ ಜಾಗ ಅಂತ ನನಗ ಅನಿಸಬೇಕು. ಶ್ರಾವಣ ಮುಗೀಲಿ, ನಾನೇ ಬಂದು ನೋಡ್ತೀನಿ. ಅನಿಸಲಿಲ್ಲ ಅಂದ್ರ ದುಕಾನ ಶಿವಪುತ್ರನ ಕೈಯಾಗ, ಮತ್ತ ನೀ ಬಾಯಿ ತೆಗೀಬಾರದು."

ಮುಂದೆ ನಾನು ಏನೂ ಕೇಳಲಿಲ್ಲ. ಒಪ್ಪಿಕೊಂಡೆ. ಒಪ್ಪಿಕೊಂಡ ಮೇಲೆ ಮನೆ ನೆನಪಾಯಿತು. ನಾವು ಬೆಳಿಗ್ಗೆ ಇಷ್ಟಲಿಂಗ ಪೂಜೆಯಿಲ್ಲದೆ ಚಹಾ ಮುಟ್ಟದ ಮನೆಯವರು. ಬೆಳ್ಳುಳ್ಳಿ ಒಗ್ಗರಣೆಯನ್ನೇ ನಮ್ಮ ಅಪ್ಪ ವ್ಯಸನವೆಂದು ತಿಳಿದಿದ್ದ. ಈಗ ನನ್ನ ಜೊತೆಗಿರುವ ಅವ್ವನಿಗೆ ವಿಷಯ ತಿಳಿಸಿದಾಗ ಆಕೆ ಬಯ್ಯಲಿಲ್ಲ, ಅಳಲೂ ಇಲ್ಲ. ಫೋನೆತ್ತಿಕೊಂಡು ತವರಿನವರಿಗೆಲ್ಲ "ಪ್ರಭಾ ಒಂದು ದೊಡ್ಡ ಜ್ಯೂಸ್ ಸೆಂಟರ್ ಕೆಲಸ ಹಿಡದಾಳ" ಎಂದು ಮುಂಗಡವಾಗಿ ಸುಳ್ಳು ಹೇಳಿಟ್ಟಳು. ಸೋದರಮಾವ ಉದ್ಘಾಟನೆಗೆ ಮೋಸಂಬಿ ರಸ ಕುಡಿಯಲು ಬರುವುದಾಗಿ ಅಲ್ಲೇ ಮಾತು ಕೊಟ್ಟುಬಿಟ್ಟ.

ಮೊದಲ ದಿನ ಜಗತ್ ಸರ್ಕಲಿನಲ್ಲಿ ಆಟೋ ಹತ್ತಿದೆ. ಬಾರಿನ ಹೆಸರು ಬಾಯಿಗೆ ಬರಲಿಲ್ಲ. "ಕುಸನೂರ ರೋಡಿನ ಮೆಡಿಕಲ್ ಅಂಗಡಿ ಹತ್ರ ಬಿಡ್ರಿ" ಅಂದೆ. ಆಟೋದವನು ಕನ್ನಡಿಯಲ್ಲಿ ನನ್ನನ್ನು ನೋಡಿ, "ಯಾವ ಮೆಡಿಕಲ್ರೀ ಅಕ್ಕಾ? ರಾಚಣ್ಣನ ಬಾರ್ ಬಾಜೂಕ ಇರೋದೇನ್ರಿ?" ಎಂದು ಇಡೀ ಸರ್ಕಲಿಗೆ ಕೇಳುವ ಹಾಗೆ ಕೇಳಿದ. ಊರಿನಲ್ಲಿ ಎಲ್ಲ ಅಂಗಡಿಗಳಿಗೂ ಬಾರೇ ಗುರುತು, ಬಾರಿಗೆ ಮಾತ್ರ ಯಾವುದೂ ಗುರುತಿಲ್ಲ.

ಒಳಗೆ ಕಾಲಿಟ್ಟರೆ ಮಟಮಟ ಮಧ್ಯಾಹ್ನದಲ್ಲಿ ಕತ್ತಲು. ಕಿಟಕಿಗೆಲ್ಲ ಕಂದು ಗಾಜು, ಆ ಗಾಜಿನ ಮೇಲೆ ಮತ್ತೆ ಕರಿ ಹಾಳೆ. ಕೆಂಪು ಜೀರೋ ಬಲ್ಬು. ಗಲ್ಲಾ ಕಟ್ಟಕಡೆಯ ಮೂಲೆಯಲ್ಲಿ, ಗಾಳಿಯಿಲ್ಲ, ಬೆಳಕಿಲ್ಲ. ಬೇಸಿನ್ನಿನ ಪಕ್ಕದಲ್ಲಿ, ಇನ್ನೆಲ್ಲಿ, 'ಫ್ಯಾಮಿಲಿ ರೂಮ್'! ಹಿತ್ತಾಳೆ ಬಳೆಗಳ ಮೆರೂನ್ ಪರದೆ. ನಾನು ಪರದೆ ಸರಿಸಿ ನೋಡಿದೆ. ಒಳಗೆ ಉಳ್ಳಾಗಡ್ಡಿಯ ಚೀಲಗಳು ಒಂದಕ್ಕೊಂದು ಒರಗಿ ಕೂತಿದ್ದವು. ಇಷ್ಟು ವರ್ಷ ಆ ಕೋಣೆಯಲ್ಲಿ ಕೂತ ಕುಟುಂಬ ಅದೊಂದೇ.

ಆಮೇಲೆ ಕಣ್ಣು ಕತ್ತಲಿಗೆ ಹೊಂದಿಕೊಂಡಾಗ ಇನ್ನೊಂದು ಕಂಡಿತು. ಎಲ್ಲ ಕುರ್ಚಿಗಳೂ ಗೋಡೆಗೆ ಮುಖ ಮಾಡಿದ್ದವು. ಮೇಜುಗಳನ್ನು ಗೋಡೆಗೆ ಒತ್ತಿ ಇಟ್ಟಿದ್ದರು. ಕೂತವರ ಬೆನ್ನು ಬಾಗಿಲ ಕಡೆಗೆ. ಇದೇನು ಶಿಕ್ಷೆ ಕೊಟ್ಟ ಹುಡುಗರ ಹಾಗೆ ಎಂದೆ. ಜಗದೇವಿ ಗಂಡನಿಂದ ಕೇಳಿ ತಿಳಿದಿದ್ದಳು. ಇಲ್ಲಿಗೆ ಬರುವವರೆಲ್ಲ ಒಂದೇ ಓಣಿಯವರು, ಒಂದೇ ಬಳಗದವರು. ಕಾಕಾ ಇರುತ್ತಾನೆ, ಅಣ್ಣನ ಮಗನೂ ಇರುತ್ತಾನೆ. ಮುಖ ಕಂಡರೆ ಎದ್ದು ನಿಲ್ಲಬೇಕು, ನಮಸ್ಕಾರ ಮಾಡಬೇಕು, ಗ್ಲಾಸು ಬಚ್ಚಿಡಬೇಕು. ಬೆನ್ನಿಗೆ ನಮಸ್ಕಾರವಿಲ್ಲ. ಬೆನ್ನು ಕಂಡವನು ಕಂಡಿಲ್ಲ, ಬೆನ್ನು ತೋರಿಸಿದವನು ಬಂದೇ ಇಲ್ಲ. ಇದು ಬರೆಯದ ಕಾನೂನು, ಮುರಿದವರಿಲ್ಲ.

ನಾನು ಕೇಳಿ ನಕ್ಕೆ. ನಕ್ಕು ಮರೆತೆ. ನನ್ನ ತಲೆಯಲ್ಲಿ ಆಗ ಒಂದೇ ವಿಚಾರ: ಕತ್ತಲು ಹೋಗಬೇಕು. ಬೆಳಕು ಬಂದರೆ ಎಲ್ಲರೂ ಬರುತ್ತಾರೆ.

ಖಾಜಾಮಿಯಾರನ್ನು ಒಪ್ಪಿಸುವುದು ಕಷ್ಟವಾಗಬಹುದೆಂದು ಹೆದರಿದ್ದೆ. ಅವರು ಗಡ್ಡ ನೀವಿಕೊಂಡು, "ಹಮ್ ಪೀತೇ ನೈ ಮೇಡಮ್. ಖರೇ ಅಂದ್ರ ಒಳಗ ಕಾಲಿಡಾಕ ಮನಸಿಲ್ಲ. ಆದ್ರ ಆ ಅಮ್ಮಂದು ಹಕ್ಕದ. ಕುರ್ಚಿ ಮಾಡೋದ್ರಾಗ ಪಾಪ ಇಲ್ರಿ" ಎಂದು ಬಂದರು. ಆದರೆ ಊಟದ ಡಬ್ಬಿ ಮಾತ್ರ ಹೊರಗೆ ಮೆಟ್ಟಿಲ ಮೇಲೆ, ರಸ್ತೆಯ ಧೂಳಿನಲ್ಲೇ ಬಿಚ್ಚುತ್ತಿದ್ದರು. ಎಷ್ಟು ಕರೆದರೂ ಒಳಗೆ ಕೂತು ಉಣ್ಣಲಿಲ್ಲ.

ಕೆಲಸ ನಡೆಯಿತು. ಕರಿ ಹಾಳೆ ಕಿತ್ತೆವು, ಕಂದು ಗಾಜು ತೆಗೆದೆವು. ನೆಲಕ್ಕೆ ಅಂಟಿದ ಜಿಗುಟು ಶೀಟು ಎಬ್ಬಿಸಿದರೆ ಅಡಿಯಲ್ಲಿ ಚಂದದ ಶಹಾಬಾದ್ ಫರಸಿ ಕಲ್ಲು! ತೊಳೆದು ಒರೆಸಿದಾಗ ಬರಿಗಾಲಿಗೆ ತಣ್ಣಗೆ ಹತ್ತಿತು. ಗಲ್ಲಾವನ್ನು ಹಿಂದಿನ ಮೂಲೆಯಿಂದ ಎತ್ತಿ ಬಾಗಿಲ ಹತ್ತಿರ, ಕಿಟಕಿಯ ಕೆಳಗೆ ತಂದೆವು. ಪರದೆ ಇಳಿಸಿದಾಗ ಜಗದೇವಿ ಅದನ್ನು ಮಡಚಿ ನನ್ನ ಕೈಗೆ ಕೊಟ್ಟಳು: "ತಗೊಂಡು ಹೋಗು. ಬಟ್ಟಿ ಗಟ್ಟಿ ಅದ." ಆಮೇಲೆ, ಹೇಳಲು ನಾಚಿಕೆ, ಎಡಗೋಡೆಗೂ ಬಲಗೋಡೆಗೂ ಉದ್ದಕ್ಕೂ ಕನ್ನಡಿ ಹೊಡೆಸಿದೆ. ಜಾಗ ಎರಡು ಪಟ್ಟು ಕಂಡಿತು. ನನ್ನ ಬೆನ್ನು ನಾನೇ ತಟ್ಟಿಕೊಂಡೆ, ಅದೂ ಕನ್ನಡಿಯಲ್ಲಿ ಕಂಡಿತು.

ಬಾಗಿಲು ತೆರೆದ ಸಂಜೆ ಗಲ್ಲಾದ ಮೇಲೆ ಶಿವಪುತ್ರನೇ ಕೂತ. ಅತ್ತೆ ನೋಡುವವರೆಗೆ ಜಗದೇವಿ ಕೂರುವ ಹಾಗಿರಲಿಲ್ಲ. ನಾನೂ ಆಕೆಯೂ ಅಡಿಗೆಮನೆಯಿಂದ ಪ್ಲೇಟು ದಾಟಿಸುವ ಕಿಂಡಿಗೆ ಕಣ್ಣು ಹಚ್ಚಿ ನಿಂತೆವು. ಹಳೆಯ ಗಿರಾಕಿಗಳು ಬಂದರು. ಹೊಸ ಬೆಳಕಿಗೆ ಕಣ್ಣು ಕಿರಿದು ಮಾಡಿ, ತಮ್ಮ ತಮ್ಮ ಜಾಗ ಹುಡುಕಿ, ರೂಢಿಯಂತೆ ಗೋಡೆಗೆ ಮುಖ ಮಾಡಿ ಕೂತರು.

ಎಡಗೋಡೆಯ ಪಕ್ಕ ಬಿಳಿ ಧೋತರದ ನಿವೃತ್ತ ಮಾಸ್ತರರು. ಬಲಗೋಡೆಯ ಪಕ್ಕ ಅವರ ಅಳಿಯ, ನೆಹರು ಗಂಜಿನಲ್ಲಿ ತೊಗರಿ ವ್ಯಾಪಾರ. ಇಬ್ಬರೂ ಎಷ್ಟೋ ವರ್ಷಗಳಿಂದ ಹೀಗೆಯೇ ಬೆನ್ನಿಗೆ ಬೆನ್ನು ಕೊಟ್ಟು ಕುಡಿದವರಂತೆ. ಒಬ್ಬರು ಎದ್ದು ಹೋಗುವವರೆಗೆ ಇನ್ನೊಬ್ಬರು ಏಳುತ್ತಿರಲಿಲ್ಲ. ಹಬ್ಬಕ್ಕೆ ಮನೆಯಲ್ಲಿ ಕೂಡಿದಾಗ ಇಬ್ಬರೂ ಮಜ್ಜಿಗೆ ಕುಡಿದು ಕಾಲ ಕೆಟ್ಟಿತೆಂದು ಮರುಗುತ್ತಿದ್ದರು. ಅಳಿಯ ಗ್ಲಾಸೆತ್ತಿದ. ಕನ್ನಡಿ ನೋಡಿದ. ಅವನ ಕನ್ನಡಿಯಲ್ಲಿ ಎದುರುಗೋಡೆಯ ಕನ್ನಡಿ, ಆ ಕನ್ನಡಿಯಲ್ಲಿ ಗ್ಲಾಸೆತ್ತಿದ ಮಾವ, ಮಾವನ ಕಣ್ಣು ನೇರವಾಗಿ ಇವನ ಮೇಲೆ.

ಒಳ್ಳೆಯ ಮನೆತನದ ಹುಡುಗ. ಗಡಬಡಿಸಿ ಎದ್ದು ನಿಂತ. ಗ್ಲಾಸು ಕೈಯಲ್ಲೇ ಇತ್ತು.

"ಯಾವಾಗ ಬಂದ್ರಿ ಮಾವಾ? ಊಟ ಆಯ್ತ್ರಿ?"

ಮಾಸ್ತರರೂ ಎದ್ದರು. "ಹೂಂ... ನೀವು ಆರಾಮ ಅದೀರಿ? ಕುಂದ್ರಿ, ಕುಂದ್ರಿ."

"ನೀವು ಕುಂದ್ರಿ ಮಾವಾ. ನಾ ಹಿಂಗ... ಸೋಡಾ ಕುಡೀಲಕ..."

"ನಾನೂ ಸೋಡಾಕ್ಕೇ ಬಂದಿನ್ರಿ."

ಇಬ್ಬರೂ ಗ್ಲಾಸು ಕೆಳಗಿಟ್ಟರು. ಬಾಗಿಲ ಹತ್ತಿರ ಹೋಗಿ, ನೀವು ಮುಂದ ನಡೀರಿ, ಇಲ್ರಿ ನೀವು ಹಿರ್ಯಾರು ಮುಂದ ನಡೀರಿ ಎಂದು ಒಬ್ಬರಿಗೊಬ್ಬರು ಬಾಗಿಲು ಹಿಡಿದುಕೊಂಡು ನಿಂತರು. ಅಷ್ಟರಲ್ಲಿ ಉಳಿದವರೂ ಕನ್ನಡಿ ನೋಡಿದ್ದರು. ಒಬ್ಬನಿಗೆ ತನ್ನ ಆಫೀಸಿನ ಸಾಹೇಬ ಕಂಡ, ಇನ್ನೊಬ್ಬನಿಗೆ ಮಗನ ಸಾಲಿ ಮಾಸ್ತರ. ಯಾರೂ ಕಾಣದವನಿಗೆ ತನ್ನದೇ ಮುಖ ಕಂಡಿತು. ಅವನು ಎಲ್ಲರಿಗಿಂತ ಮೊದಲು ಎದ್ದು ಹೋದ. ಕಿಂಡಿಯಲ್ಲಿ ನನಗೆ ಮೊದಲು ನಗು ಬಂತು. ಪಕ್ಕದಲ್ಲಿ ಜಗದೇವಿ ನಗುತ್ತಿರಲಿಲ್ಲ. ಆಮೇಲೆ ನನಗೂ ಬರಲಿಲ್ಲ.

ಮರುದಿನ ಯಾರೂ ಬರಲಿಲ್ಲ, ಅದರ ಮರುದಿನವೂ ಇಲ್ಲ. ಹೆಣ್ಣುಮಕ್ಕಳಂತೂ ಬರುವ ಪ್ರಶ್ನೆಯೇ ಇಲ್ಲ. ಅವರು ಮೊದಲಿನ ಹಾಗೆಯೇ ಬಾರು ಬಂದೊಡನೆ ರಸ್ತೆ ದಾಟಿ ಆಚೆ ಬದಿಯಲ್ಲಿ ನಡೆಯುತ್ತಿದ್ದರು. ಶಿವಪುತ್ರ ಗಲ್ಲಾದ ಮೇಲೆ ಕಾಲು ಚಾಚಿ ಕೂತು, ಕನ್ನಡಿಯಲ್ಲಿ ಮೀಸೆ ತಿದ್ದಿಕೊಳ್ಳುತ್ತ ಹೇಳಿದ: "ಅತ್ತಿಗಿ, ಮಂದಿ ಬಾರಿಗಿ ಬರೋದು ತಮ್ಮ ಮಾರಿ ನೋಡಿಕೊಳ್ಳಾಕಲ್ಲ. ಮಾರಿ ಮರೀಲಿಕ್ಕ." ಅವನ ಮೇಲೆ ನನಗೆ ಎಷ್ಟು ಸಿಟ್ಟಿತ್ತೋ, ಅವನು ಹೇಳಿದ್ದು ಅಷ್ಟೇ ಸರಿಯಾಗಿತ್ತು. ಅದಕ್ಕೇ ಸಿಟ್ಟು ಇನ್ನೂ ಹೆಚ್ಚಾಯಿತು.

ಜಗದೇವಿ ನನ್ನನ್ನು ಬಯ್ದಿದ್ದರೆ ಹಗುರಾಗುತ್ತಿತ್ತು. ಆಕೆ ಖಾಲಿ ಬಾರಿನ ನಡುವೆ ನಿಂತು, "ಶ್ರಾವಣ ಮುಗೀತ ಬಂತು, ಪ್ರಭಾ. ಅತ್ತಿ ಬರ್ತಾಳ" ಎಂದಷ್ಟೇ ಅಂದಳು. ಎರಡು ಗೋಡೆಯ ಕನ್ನಡಿಗಳಲ್ಲಿ ಸಾಲಾಗಿ ಅನೇಕ ಜಗದೇವಿಯರು, ಎಲ್ಲರೂ ಕೈಚೆಲ್ಲಿ ನಿಂತವರು. ನನ್ನ ಜೀವನದಲ್ಲಿ ಕನ್ನಡಿಯನ್ನು ಒಡೆಯಬೇಕೆಂದು ಅನಿಸಿದ್ದು ಅದೇ ಮೊದಲು.

ಆ ಸಂಜೆ ಮನೆಯಲ್ಲಿ ಅನ್ನ ಕಲಸುತ್ತಲೇ ಕೂತಿದ್ದೆ. ಅವ್ವ ಕೇಳಿದಳು, ಹೇಳಿದೆ. ಕಮಲಾಪುರದ ಹೋಟೆಲಿನ ಆ ದರಿದ್ರ ಪರದೆ ನೆನೆದು, ಅಂಥ ಪರದೆಗಳನ್ನೆಲ್ಲ ಕಿತ್ತರೆ ಜನ ಸಂತೋಷಪಡುತ್ತಾರೆಂದು ತಿಳಿದಿದ್ದೆ ಎಂದೆ. ಅವ್ವ ರೊಟ್ಟಿ ಮುರಿಯುತ್ತಿದ್ದವಳು ನಿಲ್ಲಿಸಿದಳು.

"ಆ ಪರದಿ ಏನ ಮಾಡಿತ್ತು ನಿನಗ? ಅದರ ಹಿಂದ ನಾ ಎರಡು ಭಜಿ ಹೆಚ್ಚಿಗಿ ತಿಂತಿದ್ದೆ."

"ಅಂದ್ರ?"

"ಅಂದ್ರ ಏನು? ಹೊರಗ ನಿಮ್ಮಪ್ಪ, ಅವರ ಪೈಕಿಯವರು, ಊರಾಗಿನ ಗಂಡಸರು. ಸೊಸಿ ಬಾಯಿ ತೆಗದು ತಿನ್ನೋದು ನೋಡ್ತಾರಂತ ಮದಿವ್ಯಾಗೂ ಅರ್ಧ ಹೊಟ್ಟಿ ಉಣ್ತಿದ್ದೆ. ಅಲ್ಲಿ ಯಾರೂ ನೋಡ್ತಿದ್ದಿಲ್ಲ. ಸೆರಗ ಬಿಟ್ಟು ಕುಂದುರ್ತಿದ್ದೆ. ಆ ಬೇಸಿನ್ ವಾಸನಿ ಮಾತ್ರ ತಡಕೊಳ್ಳಾಕ ಆಗ್ತಿದ್ದಿಲ್ಲ ನೋಡು."

ಅಷ್ಟು ವರ್ಷ ಅವ್ವನ ಪರವಾಗಿ ನಾನು ಆ ಪರದೆಯನ್ನು ದ್ವೇಷಿಸುತ್ತ ಬಂದಿದ್ದೆ, ಆಕೆಯನ್ನು ಒಂದು ಮಾತೂ ಕೇಳದೆ. ಆಕೆಗೆ ಬೇಡವಾಗಿದ್ದದ್ದು ಮರೆಯಲ್ಲ, ನಾತ. ಕಾಣದ ಹಾಗೆ ಕೂರುವ ಸುಖ ಗಂಡಸರಿಗೆ ಬೇಕಿದ್ದ ಹಾಗೆ ಆಕೆಗೂ ಬೇಕಿತ್ತು. ಗಂಡಸರು ಅದನ್ನು ಗೋಡೆಗೆ ತಿರುಗಿ ಪಡೆದುಕೊಂಡರು, ಆಕೆ ಬೇಸಿನ್ನಿನ ಪಕ್ಕದಲ್ಲಿ. ಹಾಗಾದರೆ ಹೆಣ್ಣುಮಕ್ಕಳು ಬಾರಿನ ಎದುರು ರಸ್ತೆ ದಾಟುತ್ತಿದ್ದದ್ದು ಯಾಕೆ? ಒಳಗೆ ಯಾರಿದ್ದಾರೋ ಕಾಣುವುದಿಲ್ಲವೆಂದು. ಗಂಡಸರು ಓಡಿಹೋದದ್ದು ಯಾಕೆ? ತಾವು ಕಾಣುತ್ತೇವೆಂದು. ಎರಡೂ ಭಯ ಒಂದೇ ಕೋಣೆಯಲ್ಲಿ ಹೊಂದಬೇಕು. ಆವತ್ತು ಊಟದ ತಾಟಿನ ಪಕ್ಕದಲ್ಲೇ, ಅವ್ವನ ಔಷಧ ಚೀಟಿಯ ಹಿಂಬದಿಯಲ್ಲಿ ಗೀಚಿದೆ.

ಬೆಳಿಗ್ಗೆ ಖಾಜಾಮಿಯಾ ನಕ್ಷೆ ನೋಡುವ ಮೊದಲೇ ಕೇಳಿದರು: "ಆಯ್ನಾ ಎಲ್ಲಿ ಹಚ್ಚೋದು?"

"ಎಲ್ಲಾ ತೆಗೀರಿ ಖಾಜಾಮಿಯಾ."

ಆತ ನನ್ನ ಹಣೆ ಮುಟ್ಟಿ ನೋಡುವುದೊಂದು ಬಾಕಿ. "ತಬ್ಯತ್ ಬರೋಬ್ಬರಿ ಅದಲ್ರಿ?"

ಕನ್ನಡಿ ಇಳಿಸಿದೆವು. ಮೇಜುಗಳ ನಡುವೆ ಮರದ ಜಾಲರಿಯ ಮರೆಗಳನ್ನು ನಿಲ್ಲಿಸಿದೆವು. ನಿಂತವರ ಎದೆಮಟ್ಟ, ಕೂತವರ ತಲೆಮಟ್ಟ. ಕೂತರೆ ನೀವು ಬೇರೆ ಮೇಜಿನವರಿಗೆ ಕಾಣುವುದಿಲ್ಲ. ನಿಂತರೆ ಬಾಗಿಲಿಂದ ಹಿಡಿದು ಹಿಂದಿನ ಗೋಡೆಯವರೆಗೆ ಇಡೀ ಜಾಗ ಕಾಣುತ್ತದೆ. ಒಳಗೆ ಬರಲೋ ಬೇಡವೋ ಎಂದು ಹೊಸ್ತಿಲಲ್ಲಿ ನಿಂತ ಹೆಣ್ಣುಮಗಳಿಗೆ ಒಂದು ನೋಟ ಸಾಕು. ಗಲ್ಲಾವನ್ನು ಒಂದು ಮೆಟ್ಟಿಲು ಎತ್ತರಿಸಿದೆವು. ಅಲ್ಲಿ ಕೂತವರಿಗೆ ಎಲ್ಲ ಮೇಜೂ ಕಾಣಬೇಕು. ಬೆಳಕಿಗೆ ಮೇಲುಗಡೆ ಜಾಲಂಧ್ರ. ಬೇಸಿನ್ನನ್ನು ಹಿತ್ತಿಲಿಗೆ ಅಟ್ಟಿದೆವು, ಅದು ಹೋದ ದಿನ ನನಗೆ ಯಾವುದೋ ಹಳೆಯ ವೈರಿಯನ್ನು ಊರಿಂದ ಓಡಿಸಿದಷ್ಟು ಸಮಾಧಾನವಾಯಿತು. ಉಳ್ಳಾಗಡ್ಡಿಯ ಕುಟುಂಬ ಅಡಿಗೆಮನೆಗೆ ಹೋಯಿತು. ಮಧ್ಯಾಹ್ನ ಜೋಳದ ರೊಟ್ಟಿ ಊಟ ಶುರುವಾಯಿತು, ಪುಂಡಿ ಪಲ್ಯ, ಶೇಂಗಾ ಹಿಂಡಿ. ಅಡಿಗೆ ಜಗದೇವಿಯದು.

ಮೊದಲು ಮರಳಿದವನು ಅಳಿಯ, ಅವನ ಹಿಂದೆಯೇ ಮಾಸ್ತರರು. ಹೊಸ್ತಿಲಲ್ಲಿ ನಿಂತು ಒಳಗೆಲ್ಲ ಕಣ್ಣಾಡಿಸಿದರು; ಎಡಗಡೆ ಕೂರುವ ಮುಂಚೆ ಅಳಿಯ ಒಂದು ಕ್ಷಣ ಕಂಡಿರಬೇಕು. ತಾವು ಬಲಗಡೆಯ ಕೊನೆಯ ಮರೆಗೆ ಹೋಗಿ ಕೂತರು. ಏನೂ ಆಗಲಿಲ್ಲ! ಕಿಂಡಿಯಲ್ಲಿ ನಾವಿಬ್ಬರೂ ಉಸಿರು ಬಿಟ್ಟೆವು. ಮರುದಿನ ಪಕ್ಕದ ಬ್ಯೂಟಿ ಪಾರ್ಲರಿನ ಇಬ್ಬರು ಹುಡುಗಿಯರು ಬಾಗಿಲಲ್ಲಿ ನಿಂತು, ಕುತ್ತಿಗೆ ಚಾಚಿ, "ಅಕ್ಕಾ, ಬರೇ ಊಟ ಸಿಗ್ತದೇನ್ರಿ?" ಎಂದು ಕೇಳಿದರು. ಅದರ ಮರುದಿನ ಖಾಜಾಮಿಯಾ ಒಂದು ಬಾಗಿಲ ತಿರುಗಣೆ ಸರಿಮಾಡಲು ಬಂದವರು, ನಾನು ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ತಾವೇ ಮಾಡಿದ ಮರೆಯ ಹಿಂದೆ ಡಬ್ಬಿ ಬಿಚ್ಚಿದರು. ನಾನು ನೋಡಲಿಲ್ಲ.

ಸುಗಲಾಬಾಯಿ ಬಂದದ್ದು ಶ್ರಾವಣ ಮುಗಿದ ಮೊದಲ ಸೋಮವಾರದ ಮಧ್ಯಾಹ್ನ. ಶಿವಪುತ್ರ ಮನೆಯಿಂದ ಕರೆತಂದಿದ್ದ, ದಾರಿಯುದ್ದಕ್ಕೂ ಏನೇನು ಹೇಳಿದ್ದನೋ. ತೆಳ್ಳನೆಯ ಮುದುಕಿ, ತಲೆಯ ಮೇಲೆ ಸೆರಗು, ಹಣೆಯಲ್ಲಿ ವಿಭೂತಿ. ಹೊಸ್ತಿಲಲ್ಲಿ ನಿಂತಳು. ಜಗದೇವಿ ಅಡಿಗೆಮನೆಯಿಂದ ಹಿಟ್ಟಿನ ಕೈಯಲ್ಲೇ ಬಂದು ನಿಂತಳು. ನಾನು ಗೋಡೆಗೆ ಅಂಟಿಕೊಂಡೆ. ಮುದುಕಿ ಒಳಗೆಲ್ಲ ನೋಡಿದಳು. ಪಾರ್ಲರಿನ ಹುಡುಗಿಯರು ಉಣ್ಣುತ್ತಿದ್ದರು. ಒಂದೆರಡು ಮರೆಗಳ ಹಿಂದೆ ಗಂಡಸರ ಮಾತು ಸಣ್ಣಗೆ ಕೇಳುತ್ತಿತ್ತು.

ಮರೆಗಳ ಬಗ್ಗೆ ಕೇಳಲಿಲ್ಲ, ನೆಲದ ಬಗ್ಗೆ ಕೇಳಲಿಲ್ಲ. ನಾನು ಉತ್ತರ ಸಿದ್ಧಮಾಡಿಟ್ಟುಕೊಂಡಿದ್ದ ಒಂದನ್ನೂ ಕೇಳಲಿಲ್ಲ.

"ರಾಚ ಎಲ್ಲಿ ಕುಂದುರ್ತಿದ್ದ?"

ಜಗದೇವಿ ಹಿಂದಿನ ಮೂಲೆ ತೋರಿಸಿದಳು. ಮುದುಕಿ ಮೆಲ್ಲಗೆ ಅಲ್ಲಿಗೆ ನಡೆದಳು. ಈಗ ಅಲ್ಲಿ ನೀರಿನ ಕೊಡಗಳನ್ನಿಟ್ಟಿದ್ದೆವು. ಗೋಡೆಯಲ್ಲಿ ಹಳೆಯ ಗಲ್ಲಾದ ಗುರುತು ಇನ್ನೂ ಇತ್ತು.

"ಇಲ್ಲೇ? ಕಿಡಕಿ ಇದ್ದಿದ್ದಿಲ್ಲೇನು?"

"ಇದ್ದಿದ್ದಿಲ್ರಿ ಅತ್ತಿ."

"ಫ್ಯಾನ್?"

"ಗಿರಾಕಿ ಮ್ಯಾಲ ಇತ್ತು."

"ಮನಿಗಿ ಬಂದ್ರ ಒಂದು ದಿನಾನೂ ಹೇಳಲಿಲ್ಲ ನೋಡು," ಅಂದಳು ಮುದುಕಿ. "ನಾ ಏನ ತಿಳಕೊಂಡಿದ್ದೆ, ನನ್ನ ಮಗ ಸಾಹುಕಾರನಂಗ ಕುಂತಿರ್ತಾನ ಅಂತ." ಆ ಗುರುತಿನ ಮೇಲೆ ಅಂಗೈ ಇಟ್ಟಳು. ಇಷ್ಟು ವರ್ಷ ಮನೆಯ ಅನ್ನ ಹುಟ್ಟಿದ ಜಾಗಕ್ಕೆ ಆಕೆ ಬಂದದ್ದು ಅದೇ ಮೊದಲ ಸಲ.

ತಿರುಗಿ ಬಾಗಿಲ ಹತ್ತಿರದ ಹೊಸ ಗಲ್ಲಾದ ಕಡೆ ಬಂದಾಗ ಶಿವಪುತ್ರ ಓಡಿಹೋಗಿ ಕುರ್ಚಿ ಎಳೆದ. "ಯವ್ವಾ, ಇಲ್ಲಿ ಕುಂದ್ರು." ಆಕೆ ಕೂರಲಿಲ್ಲ. ಕಿಟಕಿಯಿಂದ ಬಂದ ಬಿಸಿಲು ಕುರ್ಚಿಯ ಮೇಲೆ ಬಿದ್ದಿತ್ತು. ಕೈಯಿಂದ ಮುಟ್ಟಿ ನೋಡಿದಳು, ಬಿಸಿ ಇದೆಯೋ ಏನೋ ಎಂಬಂತೆ.

"ಜಗದೇವಿ, ಕೈ ತೊಳಕೊಂಡು ಬಾ. ಕುಂದ್ರು. ನಾ ನೋಡಬೇಕು."

ಜಗದೇವಿ ಕೈ ತೊಳೆಯಲಿಲ್ಲ. ಸೆರಗಿಗೆ ಒರೆಸಿಕೊಂಡು, ಮೆಟ್ಟಿಲು ಹತ್ತಿ, ಕೂತಳು. ಶಿವಪುತ್ರ ಏನೋ ಹೇಳಲು ಬಾಯಿ ತೆರೆದ. ಮುದುಕಿ ಅವನ ಕಡೆ ತಿರುಗಲೂ ಇಲ್ಲ. "ನೀ ಸುಮ್ನ ನಿಂತಿ ಯಾಕ? ನನಗ ನೀರ ತಗೊಂಡ ಬಾ. ಹಂಗೇ ಊಟಕ್ಕ ಹೇಳು."

ಅವನು ಹೋದ. ನನಗೆ ಎಷ್ಟು ನಿರಾಳವಾಯಿತೆಂದರೆ, ಗೋಡೆಗೆ ಅಂಟಿದ್ದವಳು ಹಾಗೇ ಕುಸಿದು ಫರಸಿಯ ಮೇಲೆ ಕೂತುಬಿಟ್ಟೆ.

ಸುಗಲಾಬಾಯಿ ಎಲ್ಲಕ್ಕಿಂತ ಹಿಂದಿನ ಮೇಜು ಆರಿಸಿದಳು. ಗೋಡೆಗೆ ಮುಖ, ಬಾಗಿಲಿಗೆ ಬೆನ್ನು. ಯಾರೂ ಆಕೆಗೆ ಹೇಳಿಕೊಟ್ಟಿರಲಿಲ್ಲ. ಮರೆಯ ಹಿಂದೆ ಆಕೆಯ ಸೆರಗಿನ ಅಂಚು ಮಾತ್ರ ಕಾಣುತ್ತಿತ್ತು. ಅದು ಮೇಲೆ ಹೋಯಿತು, ಸ್ವಲ್ಪ ಹೊತ್ತು ಅಲ್ಲೇ ಇತ್ತು, ಇಳಿಯಿತು, ಮತ್ತೆ ಮೇಲೆ ಹೋಯಿತು. ಆಕೆ ಅಳುತ್ತಿದ್ದಾಳೆಂದು ಒಳಗಿದ್ದವರಿಗೆಲ್ಲ ತಿಳಿಯಿತು. ಮಗ ಸತ್ತಾಗ ಮಂದಿಯೆದುರು ಆಕೆ ಕಣ್ಣೀರು ಹಾಕಿರಲಿಲ್ಲ ಎಂದು ಜಗದೇವಿ ಹಿಂದೊಮ್ಮೆ ಹೇಳಿದ್ದಳು. ಪಾರ್ಲರಿನ ಹುಡುಗಿಯರು ತಮ್ಮ ತಾಟು ನೋಡುತ್ತ ಉಂಡರು. ಮರೆಗಳ ಹಿಂದಿನ ಗಂಡಸರು ಮಳೆಯ ಬಗ್ಗೆ ಮಾತಾಡಿದರು. ನೀರಿಟ್ಟು ಬಂದ ಶಿವಪುತ್ರ ಹೊರಗೆ ಹೋಗಿ ರಸ್ತೆಯಲ್ಲಿ ನಿಂತ. ಎತ್ತರದಲ್ಲಿ ಕೂತ ಜಗದೇವಿಗೆ ಮಾತ್ರ ಎಲ್ಲ ಕಾಣುತ್ತಿತ್ತು. ಆಕೆ ಮುಖ ತಿರುಗಿಸಿ ಕಿಟಕಿಯಿಂದ ಹೊರಗೆ ನೋಡುತ್ತ ಕೂತಳು.

ತುಂಬ ಹೊತ್ತಾದ ಮೇಲೆ ಹಿಂದಿನ ಮೇಜಿನಿಂದ ದನಿ ಬಂತು:

"ಜಗದೇವಿ, ಇನ್ನೊಂದು ರೊಟ್ಟಿ ಕಳಸು. ನೀ ಏಳಬ್ಯಾಡ. ಯಾರ ಕೈಯಾಗರ ಕಳಸು."